ನ್ಯೂ ಆರ್ಲಿಯನ್ಸಿನಲ್ಲಿ ಶಿವರಾತ್ರಿ

2008ನೆಯ ಇಸವಿಯ ಆರಂಭದಲ್ಲಿ ನಾವು ಅಮೆರಿಕದ ಹೂಸ್ಟನ್ ನಗರದಲ್ಲಿ ಕೆಲವು ವಾರ ಇದ್ದೆವು. ನಮ್ಮ ಅಣ್ಣನ ಮಗ ಅಲ್ಲಿ ತೈಲ ಕಂಪನಿಯೊಂದರಲ್ಲಿ ಎಂಜಿನಿಯರ್. ಅಲ್ಲಿಯ ಕನ್ನಡಿಗರ ಮನೆಗಳಲ್ಲಿ ಶರಣ ಸಾಹಿತ್ಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ಅವನ ಆಗ್ರಹ. ಒಂದು ಶನಿವಾರ ಸಂಜೆ ಅವನ ಮನೆಯಲ್ಲಿಯೇ ಕಾಯಕ ಮತ್ತು ದಾಸೋಹ ತತ್ತ್ವಗಳನ್ನು ಕುರಿತು, ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೂ ತಿಳಿಯಲೆಂದು, ನಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ಮಾತನಾಡಿದೆವು. ನೆರೆಮನೆಯ ವೃದ್ಧರೊಬ್ಬರು ಕುತೂಹಲದಿಂದ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ತೈಲ ಶುದ್ಧೀಕರಣದ ಕಾರ್ಖಾನೆಯಲ್ಲಿ ಪೈಪು ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಮೆಥೊಡಿಸ್ಟ್ ಪಂಥದ ಕ್ರೈಸ್ತರು. ಪ್ರಸಾದದ ವೇಳೆಗೆ ಅವರು ನಮ್ಮ ಬಳಿ ಬಂದು, ಬಹಳ ಸೌಜನ್ಯದಿಂದಲೇ, "ನಿಮ್ಮ ಮಾತು ನನಗೆ ಹಿಡಿಸಿತು. ತಾವು ಕೈಯಿಂದ ಮಾಡುವ ಕೆಲಸ ಯಾವುದು?" ಎಂದು ಕೇಳಿದರು.

ನಾವು ಬಾಲ್ಯದಲ್ಲಿಯೇ ಮಠ ಸೇರಿದವರು. ಅಲ್ಲಿ ಇದ್ದಾಗ ಬಾವಿಯಿಂದ ನೀರು ಸೇದಿದ್ದುಂಟು, ಅಂಗಳ ಸಾರಿಸಿದ್ದುಂಟು, ದಾಸೋಹದ ಪಾತ್ರೆ ತಿಕ್ಕಿದ್ದುಂಟು. ಆದರೆ ವ್ಯಾಕರಣ, ತರ್ಕಗಳು ಕೈಗೆ ಹತ್ತಿದ ಮೇಲೆ ಆ ಕೆಲಸಗಳು ಕಿರಿಯ ವಿದ್ಯಾರ್ಥಿಗಳ ಪಾಲಾದವು. ಅನಂತರ ನಮ್ಮ ಕೈ ಪುಸ್ತಕದ ಪುಟ ತಿರುವುವುದನ್ನೂ ಲೇಖನಿ ಹಿಡಿಯುವುದನ್ನೂ ಬಿಟ್ಟು ಬೇರೊಂದನ್ನು ಮಾಡಿದ್ದಿಲ್ಲ. "ಬರೆಯುತ್ತೇವೆ" ಎಂದೆವು. ಅದೂ ಒಳ್ಳೆಯ ಕೆಲಸವೇ ಎಂದು ಅವರು ತಲೆದೂಗಿದರು. ಮುಂದಿನ ಭಾನುವಾರ ತಮ್ಮ ಚರ್ಚಿನಿಂದ ಹತ್ತು ಜನ ಚಂಡಮಾರುತದಲ್ಲಿ ಹಾಳಾದ ಮನೆಯೊಂದನ್ನು ದುರಸ್ತಿ ಮಾಡಲು ಲೂಯಿಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರಕ್ಕೆ ಒಂದು ವಾರದ ಮಟ್ಟಿಗೆ ಹೋಗುತ್ತಿರುವುದಾಗಿಯೂ, ವ್ಯಾನಿನಲ್ಲಿ ಒಂದು ಸ್ಥಳ ಖಾಲಿ ಇರುವುದಾಗಿಯೂ ತಿಳಿಸಿದರು. ನಾವು ಬರುತ್ತೇವೆಂದು ಹೇಳಿಬಿಟ್ಟೆವು. ಹೇಳಿದ್ದು ಉತ್ಸಾಹದಿಂದಲೋ ನಾಚಿಕೆಯಿಂದಲೋ ಈಗಲೂ ಖಚಿತವಿಲ್ಲ. ನಮ್ಮ ಅಣ್ಣನ ಮಗ ಮಾತ್ರ ನಗುತ್ತ, "ಕಾಕಾ, ನಿಮಗ ಸುತ್ತಿಗಿ ಹಿಡೀಲಿಕ್ಕೆ ಬರ್ತೈತೇನ್ರಿ?" ಎಂದು ಕೇಳಿದ. ಅವನ ಹೆಂಡತಿ ಅವಲಕ್ಕಿ, ಚಟ್ನಿಪುಡಿ, ನಾಲ್ಕು ದಿನಕ್ಕಾಗುವಷ್ಟು ಖಡಕ್ ರೊಟ್ಟಿಗಳನ್ನು ಕಟ್ಟಿಕೊಟ್ಟಳು.

ಹೂಸ್ಟನ್ನಿನಿಂದ ನ್ಯೂ ಆರ್ಲಿಯನ್ಸಿಗೆ ಸುಮಾರು 560 ಕಿಲೋಮೀಟರು. ಮಾರ್ಚ್ 2ರ ಭಾನುವಾರ ಬೆಳಗಿನಲ್ಲಿ ಹೊರಟೆವು. ಲೇಕ್ ಚಾರ್ಲ್ಸ್ ಪಟ್ಟಣವನ್ನು ದಾಟುವಾಗ ಇನ್ನೂ ನೀಲಿ ಟಾರ್ಪಾಲು ಹೊದ್ದ ಒಂದೆರಡು ಛಾವಣಿಗಳು ಕಂಡವು. ಕತ್ರೀನಾ ಬಂದ ನಾಲ್ಕೇ ವಾರಗಳಿಗೆ, 2005ರ ಸೆಪ್ಟೆಂಬರ್ 24ರಂದು, ರೀಟಾ ಎಂಬ ಇನ್ನೊಂದು ಚಂಡಮಾರುತ ಆ ಕಡೆಯನ್ನು ಹೊಡೆದಿತ್ತು. ಲೋಕವೆಲ್ಲ ಕತ್ರೀನಾದ ಮಾತಿನಲ್ಲಿ ಮುಳುಗಿದ್ದುದರಿಂದ ರೀಟಾದ ಸಂತ್ರಸ್ತರನ್ನು ಕೇಳುವವರು ಕಡಿಮೆಯಾದರೆಂದು ತಂಡದ ನಾಯಕರು ಹೇಳಿದರು. ಮುಂದೆ ಅಚಾಫಲಾಯ ಎಂಬ ಜೌಗು ಪ್ರದೇಶ. ಹೆದ್ದಾರಿಯು ಮೂವತ್ತು ಕಿಲೋಮೀಟರಿನಷ್ಟು ದೂರ ಕಂಬಗಳ ಮೇಲೆಯೇ ಸಾಗುತ್ತದೆ. ಕೆಳಗೆ ನೀರು, ನೀರಿನಲ್ಲಿ ನಿಂತ ಮರಗಳು. ಈ ನೆಲವು ಅರ್ಧ ನೀರಿಗೆ ಸೇರಿದ್ದೆಂಬುದು ಊರು ಮುಟ್ಟುವ ಮೊದಲೇ ಮನಸ್ಸಿಗೆ ಬರುತ್ತದೆ.

ಓದುಗರಿಗೆ ಆ ನಗರದ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ದಕ್ಷಿಣಕ್ಕೆ ಮಿಸಿಸಿಪಿ ಮಹಾನದಿ, ಉತ್ತರಕ್ಕೆ ಪಾಂಟ್‌ಚರ್ಟ್ರೇನ್ ಎಂಬ ಸಮುದ್ರದಂಥ ಸರೋವರ, ನಡುವೆ ತಟ್ಟೆಯಂತೆ ತಗ್ಗಾದ ಊರು. ಊರಿನ ಹೆಚ್ಚುಕಡಿಮೆ ಅರ್ಧ ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಮಳೆಯ ನೀರು ತಾನಾಗಿ ಹರಿದು ಹೋಗುವುದಿಲ್ಲ; ಪಂಪುಗಳಿಂದ ಎತ್ತಿ ಕಾಲುವೆಗಳ ಮೂಲಕ ಸರೋವರಕ್ಕೆ ಕಳುಹಿಸಬೇಕು. ಆ ಕಾಲುವೆಗಳ ಇಕ್ಕೆಲಗಳಲ್ಲಿ ಒಡ್ಡು, ಒಡ್ಡಿನ ಮೇಲೆ ಕಾಂಕ್ರೀಟಿನ ತಡೆಗೋಡೆ. 2005ರ ಆಗಸ್ಟ್ 29ರ ಸೋಮವಾರ ಕತ್ರೀನಾ ಬಂದಾಗ ಈ ಗೋಡೆಗಳು ಹಲವೆಡೆ ಒಡೆದು ನಗರದ ಶೇಕಡಾ 80ರಷ್ಟು ಭಾಗ ಮುಳುಗಿತು. ನೀರನ್ನು ಪೂರ್ತಿ ಹೊರಹಾಕಲು ಆರು ವಾರ ಹಿಡಿಯಿತು. ಸತ್ತವರು 1,800ಕ್ಕೂ ಹೆಚ್ಚೆಂದು ಬಹುಕಾಲ ಹೇಳುತ್ತಿದ್ದರು. 2023ರಲ್ಲಿ ಅಲ್ಲಿಯ ಚಂಡಮಾರುತ ಕೇಂದ್ರವು ಮರುಲೆಕ್ಕ ಮಾಡಿ 1,392 ಎಂದು ತಿದ್ದಿತು. 2000ದ ಜನಗಣತಿಯಲ್ಲಿ 4,84,674 ಇದ್ದ ಊರಿನ ಜನಸಂಖ್ಯೆ 2010ರಲ್ಲಿ 3,43,829ಕ್ಕೆ ಇಳಿದಿತ್ತು. ಲಕ್ಷಕ್ಕೂ ಮೀರಿದ ಜನ ಹೂಸ್ಟನ್ನಿಗೆ ವಲಸೆ ಬಂದಿದ್ದರು. ನಮ್ಮ ನಾಯಕರ ಚರ್ಚಿಗೂ ಆ ಊರಿಗೂ ನಂಟು ಬೆಳೆದುದು ಹಾಗೆ.

ನಾವು ಕೆಲಸ ಮಾಡಬೇಕಾಗಿದ್ದುದು ಜೆಂಟಿಲಿ ಎಂಬ ಬಡಾವಣೆಯಲ್ಲಿ, ಲಂಡನ್ ಅವೆನ್ಯೂ ಕಾಲುವೆಗೆ ಬಹಳ ದೂರವಿಲ್ಲದ ಬೀದಿಯಲ್ಲಿ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ಕಾಲುವೆಯ ನೀರು ಗೋಡೆಯನ್ನು ಹತ್ತಿ ದಾಟಿ ಬರಲಿಲ್ಲ. ಗೋಡೆಯ ಎತ್ತರಕ್ಕಿಂತ ಕೆಳಗಿರುವಾಗಲೇ, ಬುಡದ ಮಣ್ಣು ಸಡಿಲಿ, ಗೋಡೆಯೇ ಜಾರಿಹೋಯಿತು. ಅದನ್ನು ಕಟ್ಟಿದ ಸರ್ಕಾರಿ ಸೇನಾ ಎಂಜಿನಿಯರುಗಳ ಇಲಾಖೆಯೇ 2006ರ ಜೂನ್‌ನಲ್ಲಿ ತನ್ನ ವರದಿಯಲ್ಲಿ ವಿನ್ಯಾಸದ ದೋಷವನ್ನು ಒಪ್ಪಿಕೊಂಡಿತು. ಆದುದರಿಂದ ಇದನ್ನು ಬರಿಯ ದೈವಕೋಪ ಎನ್ನುವುದು ಸರಿಯಲ್ಲ. ಮನೆ ಕಳೆದುಕೊಂಡವರಿಗೆ ಈ ಭೇದ ಚೆನ್ನಾಗಿ ಗೊತ್ತು.

ಮನೆಯೊಡತಿ ಎಪ್ಪತ್ತು ದಾಟಿದ ಕಪ್ಪು ಜನಾಂಗದ ಹೆಣ್ಣುಮಗಳು, ಶಾಲಾ ಶಿಕ್ಷಕಿಯಾಗಿದ್ದು ನಿವೃತ್ತರಾದವರು, ಕ್ಯಾಥೊಲಿಕ್ ಪಂಥದವರು. ಆ ಊರಿನಲ್ಲಿ ಹಿರಿಯ ಹೆಂಗಸರನ್ನು ಹೆಸರಿನ ಮುಂದೆ 'ಮಿಸ್' ಎಂದು ಸೇರಿಸಿ ಗೌರವದಿಂದ ಕರೆಯುವ ವಾಡಿಕೆ. ನಮಗೆ ಅದು ನಾಲಗೆಗೆ ಹತ್ತದೆ 'ಅಮ್ಮಾ' ಎಂದುಬಿಟ್ಟೆವು. ಅರ್ಥ ಕೇಳಿ ತಿಳಿದು, ಹಾಗೆಯೇ ಕರೆಯಿರಿ ಎಂದರು. ಅವರ ಮನೆಯಲ್ಲಿ ನೀರು ಆರು ಅಡಿ ಎತ್ತರ ನಿಂತಿತ್ತು. ಪತಿ ಹೂಸ್ಟನ್ನಿನ ಬಾಡಿಗೆ ಕೋಣೆಯಲ್ಲಿ, ಊರಿಗೆ ಮರಳುವ ಮಾತನ್ನೇ ಆಡುತ್ತ ತೀರಿಕೊಂಡಿದ್ದರು. ಈಕೆ ತಿರುಗಿ ಬಂದು, ಸ್ವಂತ ಮನೆಯ ಅಂಗಳದಲ್ಲಿ ಸರ್ಕಾರ ಕೊಟ್ಟ ಬಿಳಿಯ ಗಾಲಿಮನೆಯೊಂದರಲ್ಲಿ ಎರಡು ವರ್ಷದಿಂದ ಇದ್ದರು. ನಾವು ಹೋಗುವ ಎರಡೂವರೆ ವಾರ ಹಿಂದಷ್ಟೇ ಆ ಗಾಲಿಮನೆಗಳ ಒಳಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಹೆಚ್ಚಾಗಿದೆಯೆಂದು ಸರ್ಕಾರದ ಆರೋಗ್ಯ ವಿಜ್ಞಾನಿಗಳೇ ಪ್ರಕಟಿಸಿದ್ದರು. ಅವರು ಕೆಮ್ಮುತ್ತಲೇ ಮಾತನಾಡುತ್ತಿದ್ದರು.

ಹಣ ಸಿಗಲಿಲ್ಲವೇ ಎಂದು ಕೇಳಿದೆವು. ಸಿಕ್ಕಿತ್ತು. ಆದರೆ ರಾಜ್ಯದ ಪರಿಹಾರ ಯೋಜನೆಯು ದುರಸ್ತಿಯ ಖರ್ಚು ಮತ್ತು ಚಂಡಮಾರುತದ ಮುಂಚಿನ ಮನೆಯ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿತ್ತು. ಕಪ್ಪು ಜನರ ಬಡಾವಣೆಗಳಲ್ಲಿ ಅದೇ ಬಗೆಯ ಮನೆಗೆ ಮಾರುಕಟ್ಟೆಯ ಬೆಲೆ ಕಡಿಮೆ; ಹಲಗೆ, ಮೊಳೆಗಳ ಬೆಲೆಯಾದರೋ ಎಲ್ಲರಿಗೂ ಒಂದೇ. ಈ ಅನ್ಯಾಯದ ವಿರುದ್ಧ ಅದೇ 2008ರಲ್ಲಿ ಮೊಕದ್ದಮೆ ಹೂಡಿ, 2011ರಲ್ಲಿ 6.2 ಕೋಟಿ ಡಾಲರುಗಳ ರಾಜಿಯಾಯಿತು. ಸಿಕ್ಕಷ್ಟು ಹಣದಲ್ಲಿಯೂ ದೊಡ್ಡ ಪಾಲನ್ನು ಒಬ್ಬ ಗುತ್ತಿಗೆದಾರ ಮುಂಗಡವಾಗಿ ಪಡೆದು, ಎರಡು ದಿನ ಕೆಲಸ ಮಾಡಿ, ಮತ್ತೆ ಮುಖ ತೋರಿಸಿರಲಿಲ್ಲ. ಆಮೇಲೆ ಉಳಿದ ದಾರಿ ಚರ್ಚುಗಳ ತಂಡಗಳದು. 2006ರಲ್ಲಿ ಓಹಾಯೋ ರಾಜ್ಯದ ಒಂದು ತಂಡ ಬಂದು ಕೊಳೆತ ಗೋಡೆ, ನೆಲ, ಸಾಮಾನುಗಳನ್ನೆಲ್ಲ ತೆಗೆದು ಅಸ್ಥಿಪಂಜರವನ್ನಷ್ಟೇ ಉಳಿಸಿತ್ತು. ಇನ್ನೊಂದು ತಂಡ ಮರದ ಕಂಬಗಳ ಬೂಷ್ಟು ಉಜ್ಜಿ ಔಷಧಿ ಹೊಡೆದಿತ್ತು. ಪರವಾನಗಿ ಇದ್ದ ಕುಶಲಿಗಳು ವಿದ್ಯುತ್ತಿನ ತಂತಿ, ನೀರಿನ ಕೊಳವೆ ಮುಗಿಸಿದ್ದರು. ಒಳಗೋಡೆ ಹೊದಿಸುವುದು ನಮ್ಮ ಪಾಲು. ಬಣ್ಣ ಹಚ್ಚುವವರು ನಮ್ಮ ನಂತರ ಬರುವವರು. ಒಂದು ತಂಡ ಇನ್ನೊಂದರ ಮುಖ ನೋಡಿರುವುದಿಲ್ಲ.

ಇಂಥ ಕೆಲಸಕ್ಕೆ ಅಲ್ಲಿ ಹಳೆಯ ಸಂಪ್ರದಾಯವೇ ಇದೆ. ಮೆನ್ನೊನೈಟ್ ಪಂಥದವರು 1950ರಿಂದ ವಿಪತ್ತಿನ ಊರುಗಳಲ್ಲಿ ಮನೆ ಕಟ್ಟುತ್ತ ಬಂದಿದ್ದಾರೆ. ಹೋಗುವವರು ತಮ್ಮ ಪ್ರಯಾಣಕ್ಕೆ ತಾವೇ ಹಣ ಕೊಡುತ್ತಾರೆ. ನಮ್ಮ ತಂಡದಲ್ಲಿ ಇಬ್ಬರು ಶಿಕ್ಷಕಿಯರು, ಒಬ್ಬ ನರ್ಸ್, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಒಂದು ದಂಪತಿ ಜೋಡಿ, ರಜೆಯಲ್ಲಿದ್ದ ಮೂವರು ಕಾಲೇಜು ಹುಡುಗರು, ನಾಯಕರು. ಹನ್ನೊಂದನೆಯವರು ನಾವು. ವಸತಿ ಸ್ಥಳೀಯ ಚರ್ಚೊಂದರ ಸಭಾಂಗಣದಲ್ಲಿ, ಮಡಿಸುವ ಮಂಚಗಳ ಮೇಲೆ.

ಇಷ್ಟು ಓದಿದ ಮೇಲೆ ನಮ್ಮ ಬಂಧುಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ನಮ್ಮಲ್ಲಿಯೂ ಎದ್ದಿತ್ತು. ಇವರು ಮನೆ ಕಟ್ಟಿಕೊಟ್ಟು ಮತವನ್ನು ಬಿತ್ತುವವರೇ? ವ್ಯಾನಿನಲ್ಲಿಯೇ ನಾಯಕರನ್ನು ನೇರವಾಗಿ ಕೇಳಿದೆವು. ಅವರು ಸಿಟ್ಟಾಗಲಿಲ್ಲ. ಮನೆಯವರ ಪಂಥವನ್ನು ತಾವು ಕೇಳುವುದಿಲ್ಲ, ಅವರಾಗಿ ಪ್ರಾರ್ಥನೆ ಬಯಸಿದರೆ ಮಾಡುತ್ತೇವೆ ಎಂದರು. ಆ ವಾರ ನಾವು ಕಂಡದ್ದೂ ಹಾಗೆಯೇ ಇತ್ತು. ಎಲ್ಲ ಕಡೆ ಎಲ್ಲರೂ ಹೀಗೆಯೇ ಎಂದು ನಾವು ಹೇಳಲಾರೆವು. ಬೆಳಗಿನ ಪ್ರಾರ್ಥನೆಗೆ ನಾವು ಸುಮ್ಮನೆ ಕುಳಿತಿರುತ್ತಿದ್ದೆವು. ಅದಕ್ಕೂ ಮುಂಚೆ, ಎಲ್ಲರೂ ಮಲಗಿರುವಾಗ, ಪೇರಿಸಿಟ್ಟ ಕುರ್ಚಿಗಳ ಹಿಂದಿನ ಮೂಲೆಯಲ್ಲಿ ಇಷ್ಟಲಿಂಗ ಪೂಜೆ ಮುಗಿಸಿಕೊಳ್ಳುತ್ತಿದ್ದೆವು. ಎರಡನೆಯ ದಿನದಿಂದ ಆ ಮೂಲೆಯನ್ನು ಯಾರೋ ಗುಡಿಸಿ ಇಡುತ್ತಿದ್ದರು. ಯಾರೆಂದು ನಾವು ವಿಚಾರಿಸಲಿಲ್ಲ.

ಸೋಮವಾರ ಬೆಳಿಗ್ಗೆ ಮನೆಯ ಮುಂದೆ ನಿಂತಾಗ ಮೊದಲು ಕಂಡುದು ಬಾಗಿಲ ಪಕ್ಕದ ಗೋಡೆಯ ಮೇಲಿನ ದೊಡ್ಡ ಗುಣಾಕಾರ ಚಿಹ್ನೆ. ಪ್ರವಾಹದ ಸಮಯದಲ್ಲಿ ಶೋಧಕ ದಳದವರು ಮನೆ ಮನೆ ಹೊಕ್ಕು ನೋಡಿ ಬಣ್ಣದಿಂದ ಹಾಕಿದ ಗುರುತು: ಮೇಲೆ ದಿನಾಂಕ, ಎಡಕ್ಕೆ ದಳದ ಹೆಸರು, ಬಲಕ್ಕೆ ಒಳಗಿರುವ ಅಪಾಯ, ಕೆಳಗೆ ಸಿಕ್ಕ ಜನರ ಸಂಖ್ಯೆ. ಈ ಮನೆಯ ಕೆಳಭಾಗದಲ್ಲಿ ಸೊನ್ನೆ ಇತ್ತು. ಹುಡುಗನೊಬ್ಬ ಅದನ್ನು ಉಜ್ಜಿ ತೆಗೆಯಲೇ ಎಂದು ಕೇಳಿದ. ಬೇಡ, ಆ ಸೊನ್ನೆ ನನಗೆ ಬೇಕು ಎಂದರು ಅಮ್ಮ.

ಕೆಲಸದ ವಿವರ ಹೀಗೆ. ಜಿಪ್ಸಮ್ಮಿನ ತಿರುಳಿಗೆ ಎರಡೂ ಕಡೆ ದಪ್ಪ ಕಾಗದ ಅಂಟಿಸಿದ ಹಲಗೆಗಳು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಅರ್ಧ ಇಂಚು ದಪ್ಪ, ಒಂದೊಂದು ಇಪ್ಪತ್ತೈದು ಕಿಲೋದಷ್ಟು ಭಾರ. ಅಲ್ಲಿಯ ಮನೆಗೆ ಇಟ್ಟಿಗೆಯ ಒಳಗೋಡೆ ಇಲ್ಲ. ಹದಿನಾರು ಇಂಚಿಗೊಂದರಂತೆ ನಿಲ್ಲಿಸಿದ ಮರದ ಕಂಬಗಳಿಗೆ ಈ ಹಲಗೆಗಳನ್ನು ಸ್ಕ್ರೂಗಳಿಂದ ಬಿಗಿದು, ಸಂದುಗಳಿಗೆ ಪಟ್ಟಿ ಅಂಟಿಸಿ, ಮೆತ್ತುವ ಲೇಪವನ್ನು ಮೂರು ಸಲ ಬಳಿದು, ಒಣಗಿದ ಮೇಲೆ ಉಜ್ಜಿದರೆ ಗೋಡೆ. ಸ್ಕ್ರೂ ಕಾಗದವನ್ನು ಸ್ವಲ್ಪವೇ ಒತ್ತಬೇಕು, ಹರಿಯಬಾರದು. ಹರಿದರೆ ಹಿಡಿತವಿಲ್ಲ. ಈ ಒಂದು ಹದ ನಮ್ಮ ಕೈಗೆ ಬರಲು ಒಂದಿಡೀ ದಿನ ಬೇಕಾಯಿತು. ಪಾಣಿನಿಯ ಸೂತ್ರ ಇಷ್ಟು ಕಾಡಿದ್ದಿಲ್ಲ. ಮೂರನೆಯ ದಿನ ಸ್ವಿಚ್ಚಿನ ಪೆಟ್ಟಿಗೆಗಾಗಿ ಹಲಗೆಯಲ್ಲಿ ಕಿಂಡಿ ಕೊರೆಯುವ ಕೆಲಸವನ್ನು ನಮಗೆ ಒಪ್ಪಿಸಿದರು. ಅಳತೆಯನ್ನು ಸರಿಯಾಗಿಯೇ ತೆಗೆದುಕೊಂಡೆವು. ಆದರೆ ಹಲಗೆಯನ್ನು ಮಗುಚಿ ಇಟ್ಟುಕೊಂಡು ಕೊರೆದುದರಿಂದ ಎಡಕ್ಕೆ ಬರಬೇಕಾದ ಕಿಂಡಿ ಬಲಕ್ಕೆ ಬಂತು. ಹೊಸ ಹಲಗೆ ಹಾಳಾಯಿತು. ಹುಡುಗರು ನಗು ತಡೆದುಕೊಂಡರು. ನಾಯಕರು ಏನೂ ಹೇಳದೆ ಆ ಹಲಗೆಯನ್ನು ಕತ್ತರಿಸಿ ಬಟ್ಟೆಯ ಕಪಾಟಿನ ಒಳಗೋಡೆಗೆ ಹೊಂದಿಸಿದರು. ಕಿಂಡಿಗೆ ತೇಪೆ ಹಾಕಿದರು. ಕಾಯಕದ ಮೇಲೆ ನಾವು ಬರೆದ ಲೇಖನಗಳು ಅಂದು ರಾತ್ರಿ ಒಂದೊಂದಾಗಿ ನೆನಪಿಗೆ ಬಂದು ಸರಿಯಾಗಿ ನಿದ್ರೆ ಬರಲಿಲ್ಲ.

ಆದರೆ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಸೋಮವಾರದ ಊಟದ ವಿಷಯ. ತಂಡದವರು ತಮ್ಮ ಬುತ್ತಿ ತಾವೇ ತಂದಿದ್ದರು. ಸಂತ್ರಸ್ತರಿಗೆ ಹೊರೆಯಾಗಬಾರದೆಂದು ನಿಯಮ. ಮಧ್ಯಾಹ್ನ ಹನ್ನೆರಡಕ್ಕೆ ಅಮ್ಮ ಗಾಲಿಮನೆಯಿಂದ ದೊಡ್ಡ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿದರು. ಸೋಮವಾರ ಕೆಂಪು ಹುರುಳಿಕಾಯಿ ಕಾಳನ್ನು, ಅಂದರೆ ಉತ್ತರ ಹಿಂದುಸ್ಥಾನದವರ ರಾಜ್ಮಾದಂಥ ಕಾಳನ್ನು, ಗಂಟೆಗಟ್ಟಲೆ ಬೇಯಿಸಿ ಅನ್ನದೊಡನೆ ಉಣ್ಣುವುದು ಆ ಊರಿನ ಪದ್ಧತಿ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನವಾದ್ದರಿಂದ, ಒಲೆಯ ಮೇಲಿಟ್ಟು ಮರೆತರೂ ಆಗುವ ಅಡುಗೆ ಬೇಕಾಗಿತ್ತಂತೆ. ಒಬ್ಬರೇ ಮಲಗಿ ಏಳುವ ಆ ಇಕ್ಕಟ್ಟಿನ ಗಾಲಿಮನೆಯಲ್ಲಿ, ಎರಡು ಉರಿಯ ಒಲೆಯ ಮೇಲೆ, ಬೆಳಗಿನ ನಾಲ್ಕಕ್ಕೆ ಎದ್ದು ಹನ್ನೆರಡು ಜನರ ಅಡುಗೆ ಮಾಡಿದ್ದರು. ಶಿಕ್ಷಕಿಯರಲ್ಲಿ ಒಬ್ಬರು ಸಂಕೋಚಪಟ್ಟು, ನಮಗಾಗಿ ಇಷ್ಟೆಲ್ಲ ಏಕೆ, ನಮ್ಮ ಬುತ್ತಿ ಇದೆಯಲ್ಲ ಎಂದರು. ಅಮ್ಮನ ಮುಖ ಬಿಗಿಯಿತು. "ಎರಡೂವರೆ ವರ್ಷದಿಂದ ಎಲ್ಲರೂ ನನಗೆ ಕೊಡುತ್ತಲೇ ಇದ್ದೀರಿ. ನನ್ನ ಅಂಗಳದಲ್ಲಿ ನಾನು ಉಣಬಡಿಸಲಾರದೆ ಹೋದರೆ ಈ ಮನೆ ನನ್ನದು ಹೇಗೆ?" ಎಂದರು. ನಾಯಕರು ತಕ್ಷಣ ತಮ್ಮ ಬುತ್ತಿಯನ್ನು ವ್ಯಾನಿನಲ್ಲಿಟ್ಟು ಬಂದು ತಟ್ಟೆ ಹಿಡಿದು ಮೊದಲಿಗರಾಗಿ ನಿಂತರು.

ಮಾಂಸವಿಲ್ಲದ ಕಾಳನ್ನು ನಮಗಾಗಿ ಬೇರೆ ಪಾತ್ರೆಯಲ್ಲಿ ಮಾಡಿದ್ದರು. ನಾಯಕರು ಹಿಂದಿನ ರಾತ್ರಿ ದೂರವಾಣಿಯಲ್ಲಿ ಹೇಳಿದ್ದರಂತೆ. ಅದು ಈಸ್ಟರಿನ ಮುಂಚಿನ ಉಪವಾಸದ ಕಾಲ. ಶುಕ್ರವಾರಗಳಂದು ತಾವೂ ಮಾಂಸ ಬಿಡುವುದಾಗಿ ಅಮ್ಮ ಹೇಳಿದರು. ನಮ್ಮ ಗಂಟಿನ ಖಡಕ್ ರೊಟ್ಟಿಯನ್ನು ಅವರಿಗೆ ಕೊಟ್ಟೆವು. ಮುರಿದು ಕಾಳಿನಲ್ಲಿ ಅದ್ದಿ ತಿಂದು, ಇದು ಪ್ರವಾಹ ಬಂದರೂ ಕೆಡುವುದಿಲ್ಲ ಎಂದು ನಕ್ಕರು.

ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಬಿಡಿಸಿ ಹೇಳಿದ್ದೇವೆ. ಕೊಡುವವನಲ್ಲಿ 'ನಾನು ಕೊಟ್ಟೆ' ಎಂಬುದು ಅಳಿಯಬೇಕೆಂದು ಹೇಳಿದ್ದೇವೆ. ಪಡೆಯುವವರ ಕಡೆಯಿಂದ ಅದು ಹೇಗೆ ಕಾಣುತ್ತದೆಂದು ಒಮ್ಮೆಯೂ ಯೋಚಿಸಿದ್ದಿಲ್ಲ. ಆಯ್ದಕ್ಕಿ ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ತಿರುಗಿ ಸುರಿದು ಬರುವಂತೆ ಗಂಡನಿಗೆ ಹೇಳಿದುದು ನಮ್ಮ ಮನೆಮನೆಗೂ ಗೊತ್ತಿರುವ ಕಥೆ. ಆಕೆಯೂ ಬಡವಿಯೇ, ಆದರೆ ಆಕೆಯ ಮನೆಯಲ್ಲಿ ಜಂಗಮರು ಉಣ್ಣುತ್ತಿದ್ದರೇ ಹೊರತು ಆಕೆ ಯಾರ ಬಾಗಿಲಿನಲ್ಲಿಯೂ ನಿಂತವಳಲ್ಲ.

ಈ ಮಾತು ನಮಗೆ ಮುಂದಿನ ವರ್ಷ ಇನ್ನೊಮ್ಮೆ ಚುಚ್ಚಿತು. 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ನಮ್ಮ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಮಣ್ಣಿನ ಮಾಳಿಗೆಯ ಮನೆಗಳು ಸಾಲುಸಾಲಾಗಿ ಕುಸಿದು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಾವೂ ಒಂದು ಪರಿಹಾರ ಲಾರಿಯೊಡನೆ ಮಲಪ್ರಭೆಯ ದಂಡೆಯ ಹಳ್ಳಿಗೆ ಹೋಗಿದ್ದೆವು. ನಮ್ಮ ಹುಡುಗರು ಒಳ್ಳೆಯ ಮನಸ್ಸಿನವರು. ಆದರೆ ಲಾರಿಯ ಮೇಲೆ ನಿಂತು ಸೀರೆ, ಕಂಬಳಿಗಳನ್ನು ಎತ್ತಿ ಎತ್ತಿ ಒಗೆಯುತ್ತಿದ್ದರು. ಕೆಳಗೆ ಮೇಲೆತ್ತಿದ ಕೈಗಳು. ಗೌರವಸ್ಥ ಮನೆತನದ ಮುದುಕಿಯೊಬ್ಬಳು ದೂರದಲ್ಲಿ, ಬಿದ್ದ ಗೋಡೆಗೆ ಒರಗಿ, ಇತ್ತ ನೋಡದೆ ಕುಳಿತಿದ್ದಳು. ನಾವು ಲಾರಿ ನಿಲ್ಲಿಸಿ, ಇಳಿದು ಹೋಗಿ, "ಯವ್ವಾ, ಕುಡಿಯಾಕ ಒಂದೀಟು ನೀರು ಕೊಡ್ತೀಯೇನು?" ಎಂದೆವು. ಆಕೆ ನಮ್ಮ ಮುಖವನ್ನು ಒಂದು ಕ್ಷಣ ನೋಡಿ, ಎದ್ದು, ಮಣ್ಣಿನಲ್ಲಿ ಹೂತಿದ್ದ ತಂಬಿಗೆಯೊಂದನ್ನು ಹುಡುಕಿ ತೆಗೆದು, ಬೂದಿ ಹಚ್ಚಿ ತಿಕ್ಕತೊಡಗಿದಳು. ಆಮೇಲೆ ಅವಳು ಕಂಬಳಿ ತೆಗೆದುಕೊಂಡಳು.

ಮರಳಿ ಜೆಂಟಿಲಿಗೆ ಬರೋಣ. ಮಾರ್ಚ್ 6ರ ಗುರುವಾರ ಮಹಾಶಿವರಾತ್ರಿ. ನಾವು ಉಪವಾಸವಿದ್ದೆವು. ಅಂದು ಉಳಿದಿದ್ದುದು ಅಮ್ಮನ ಮಲಗುವ ಕೋಣೆಯೊಂದೇ. ಹಲಗೆ ಹೊದಿಸುವ ಮೊದಲು ಕಂಬಗಳ ಮೇಲೆ ಏನಾದರೂ ಬರೆಯುವುದು ಈ ತಂಡಗಳ ರೂಢಿ. 2006ರ ತಂಡದವರು ತಮ್ಮ ಊರಿನ ಹೆಸರನ್ನೂ ಬೈಬಲಿನ ಅಧ್ಯಾಯ, ವಾಕ್ಯಗಳ ಸಂಖ್ಯೆಗಳನ್ನೂ ಬರೆದುಹೋಗಿದ್ದರು. ನಮ್ಮವರೂ ಬರೆದರು. ಹುಡುಗನೊಬ್ಬ ನಮ್ಮನ್ನೂ ಕರೆದು, ಕರೆದ ಮೇಲೆ ಅನುಮಾನ ಬಂದವನಂತೆ ನಾಯಕರ ಕಡೆ ನೋಡಿದ. ಅವರು ತಮ್ಮ ಕಿವಿಯ ಸಂದಿನಲ್ಲಿದ್ದ ಬಡಗಿಯ ಪೆನ್ಸಿಲನ್ನು ತೆಗೆದು ನಮ್ಮ ಕೈಗೆ ಕೊಟ್ಟರು. ನಾವು ಎದೆಮಟ್ಟಕ್ಕೆ ಕಂಬದ ಮೇಲೆ ಷಡಕ್ಷರಿಯನ್ನು ಕನ್ನಡದಲ್ಲಿ ಬರೆಯಲು ಮೊದಲುಮಾಡಿದೆವು. ಬಾಗಿಲಲ್ಲಿ ನಿಂತಿದ್ದ ಅಮ್ಮ ಏನದು ಎಂದು ಕೇಳಿದರು. ನಮ್ಮ ದೇವರಿಗೆ ನಮಸ್ಕಾರ, ಇಂದು ಆತನ ರಾತ್ರಿ ಎಂದೆವು.

"ಹಾಗಿದ್ದರೆ ಇನ್ನಷ್ಟು ಮೇಲೆ ಬರೆಯಿರಿ. ಅಲ್ಲಿಯವರೆಗೂ ನೀರು ಬಂದಿತ್ತು" ಎಂದರು. ನೋಡಿದರೆ ನಿಜ, ಮರದ ಮೇಲೆ ಆರು ಅಡಿಗೆ ಕಂದು ಗೆರೆ ಇನ್ನೂ ಇತ್ತು. ಏಣಿ ತರಿಸಿ ಅದರ ಮೇಲುಗಡೆ ಬರೆದೆವು. ಹತ್ತು ನಿಮಿಷದಲ್ಲಿ ಹಲಗೆ ಅದನ್ನು ಮುಚ್ಚಿತು. ಸ್ಕ್ರೂಗಳನ್ನು ನಾವೇ ಹಾಕಿದೆವು, ಒಂದೂ ಹರಿಯಲಿಲ್ಲ.

ಶನಿವಾರ ಹೂಸ್ಟನ್ನಿಗೆ ಮರಳಿದೆವು. ಅದೇ ವರ್ಷ ಸೆಪ್ಟೆಂಬರ್ 13ರ ಬೆಳಗಿನ ಜಾವ ಐಕ್ ಎಂಬ ಚಂಡಮಾರುತ ಗ್ಯಾಲ್ವೆಸ್ಟನ್ನಿನಲ್ಲಿ ನೆಲ ಮುಟ್ಟಿ ಹೂಸ್ಟನ್ನನ್ನೇ ಹೊಡೆಯಿತು. ನಾವಾಗ ಊರಿನಲ್ಲಿದ್ದೆವು. ವಾರದ ಮೇಲೆ ನಮ್ಮ ಅಣ್ಣನ ಮಗನ ದೂರವಾಣಿ ಬಂತು. ಅವನ ಮನೆಯ ಬೇಲಿ ಹಾರಿಹೋಗಿತ್ತು, ವಿದ್ಯುತ್ತು ಇರಲಿಲ್ಲ; ನಾಯಕರ ಮನೆಯ ಮೇಲೆ ಮರ ಬಿದ್ದಿತ್ತು, ಜನಕ್ಕೆ ಪೆಟ್ಟಾಗಿರಲಿಲ್ಲ. ನ್ಯೂ ಆರ್ಲಿಯನ್ಸಿನಿಂದ ಅಮ್ಮ ನಾಯಕರಿಗೆ ಫೋನು ಮಾಡಿ, ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಹೆಸರಿಡಿದು ವಿಚಾರಿಸಿ, ಯಾರಿಗಾದರೂ ಮನೆ ಇಲ್ಲದಿದ್ದರೆ ತನ್ನ ಮಲಗುವ ಕೋಣೆ ಇದೆ ಎಂದಿದ್ದರಂತೆ. ನಮ್ಮ ಹೆಸರು ಮಾತ್ರ ಅವರಿಗೆ ನೆನಪಾಗಿರಲಿಲ್ಲ. ಕಪಾಟಿನ ಹಲಗೆಯನ್ನು ಉಲ್ಟಾ ಕೊರೆದವರು ಕ್ಷೇಮವೇ ಎಂದು ಕೇಳಿದ್ದರು.